ಎರಡನೇ ಸಲ ಬಾರದ ಗಂಟು

ನಮ್ಮ ಷಡ್ಡಕರನ್ನು, ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡನನ್ನು, ಮನೆಗೆ ಕರೆಯುವವರು ಈಚೆಗೆ ಕಡಿಮೆಯಾಗಿದ್ದಾರೆ. ಮನುಷ್ಯ ಕೆಟ್ಟವರೇನಲ್ಲ. ಜಗಳ ಕಾಯುವವರಲ್ಲ, ರಾಜಕೀಯ ಎತ್ತುವವರಲ್ಲ, ತಮ್ಮ ರಕ್ತಪರೀಕ್ಷೆಯ ವರದಿಯನ್ನು ಜೇಬಿನಿಂದ ತೆಗೆದು ಓದಿ ಹೇಳುವವರೂ ಅಲ್ಲ. ತೊಂದರೆ ಇರುವುದು ಅವರ ಕಣ್ಣಿನಲ್ಲಿ. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರೋ ಇಲ್ಲವೋ, ಆ ಕಣ್ಣು ನೆಲ, ಗೋಡೆ, ಪರದೆ, ಮೇಜಿನ ಮೈ ಎಲ್ಲದರ ಮೇಲೂ ಹರಿದಾಡಲು ಶುರುಮಾಡುತ್ತದೆ. ನೀವು ಅವರ ಕ್ಷೇಮಸಮಾಚಾರ ವಿಚಾರಿಸುತ್ತಿರುತ್ತೀರಿ. ಅವರು ನಿಮ್ಮ ಕಿವಿಯ ಪಕ್ಕದಲ್ಲಿ ಕಾಣುವ ಪರದೆಯ ಹೂವಿಗೆ ತಲೆ ಆಡಿಸುತ್ತಿರುತ್ತಾರೆ.

ಟೀವಿ ಇಡಲೆಂದು ನಾವು ಹೊಸದೊಂದು ಕಪಾಟು ತಂದಿದ್ದೆವು. ಒಳ್ಳೆ ಕಂದು ಬಣ್ಣ, ಮೈತುಂಬ ಮರದ ಗೆರೆ, ಅಲ್ಲಲ್ಲಿ ಗಂಟು. ನೋಡಲು ಬಂದವರು ಮುಟ್ಟಿ ನೋಡದೆ ಹೋಗುತ್ತಿರಲಿಲ್ಲ. ಷಡ್ಡಕರು ಬಂದರು. ಕೈಯಲ್ಲಿ ಕಾಫಿ ಹಿಡಿದುಕೊಂಡೇ ಎದ್ದು ನಿಂತರು. ತಲೆಯನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ವಾಲಿಸಿದರು. ಎರಡು ಹೆಜ್ಜೆ ಹಿಂದೆ ಸರಿದು ನನ್ನ ಹೆಂಡತಿಯ ಹೂಕುಂಡಕ್ಕೆ ಒದ್ದರು. ಆಮೇಲೆ ನನ್ನನ್ನು ಹತ್ತಿರ ಕರೆದರು.

“ಎಡಗಡೆ ಬಾಗಿಲಲ್ಲಿ ಬಾತುಕೋಳಿ ಥರ ಒಂದು ಗಂಟಿದೆ. ಕಾಣ್ತಾ?”

“ಕಾಣ್ತು ಅಣ್ಣ.”

“ಈಗ ಬಲಗಡೆ ಬಾಗಿಲ ಕೆಳಗೆ ನೋಡು.”

ಅಲ್ಲೂ ಬಾತುಕೋಳಿ ಇತ್ತು. ಅದೇ ಕೊಕ್ಕು, ಅದೇ ಬಾಲ, ಕಣ್ಣಿನ ಜಾಗದಲ್ಲಿ ಅದೇ ಕರಿ ಚುಕ್ಕಿ. ಮರದಲ್ಲಿ ಒಂದೇ ಬಾತುಕೋಳಿ ಎರಡು ಸಲ ಹುಟ್ಟುವುದಿಲ್ಲವೆಂದೂ, ಇದನ್ನು ಮಾಡಿದವರು ಒಂದೇ ಚಿತ್ರವನ್ನು ಮತ್ತೆ ಅಂಟಿಸಿ ಕೈತೊಳೆದುಕೊಂಡಿದ್ದಾರೆಂದೂ ಅವರು ಸಾವಿನ ಸುದ್ದಿ ತಿಳಿಸುವ ಡಾಕ್ಟರರ ದನಿಯಲ್ಲಿ ಹೇಳಿ, ಆರಿಹೋದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಟೀವಿ ನೋಡಿಲ್ಲ. ಧಾರಾವಾಹಿಯಲ್ಲಿ ತಾಯಿ ಮಗಳು ತಬ್ಬಿಕೊಂಡು ಅಳುತ್ತಿದ್ದರೆ ನನ್ನ ಹೆಂಡತಿ ಕಣ್ಣೊರೆಸಿಕೊಳ್ಳುವ ಬದಲು ಕೆಳಗಿನ ಬಾತುಕೋಳಿ ನೋಡುತ್ತಾಳೆ.

ಈ ಕಣ್ಣು ಷಡ್ಡಕರಿಗೆ ಹುಟ್ಟಿನಿಂದ ಬಂದದ್ದಲ್ಲ, ಹೊಟ್ಟೆಪಾಡಿನಿಂದ ಬಂದದ್ದು. ಪ್ರಾಯದಲ್ಲಿ ಅವರು ಕಬ್ಬಿಣದ ಬೀರುಗಳಿಗೆ ಮರದ ಬಣ್ಣ ಹಚ್ಚುವ ಶೆಡ್ಡಿನಲ್ಲಿದ್ದರು. ಮೊದಲು ಹಳದಿ ಬಣ್ಣ ಬಳಿಯಬೇಕು. ಅದು ಒಣಗಿದ ಮೇಲೆ ಕಂದು. ಕಂದು ಬಣ್ಣ ಇನ್ನೂ ಹಸಿ ಇರುವಾಗಲೇ ರಬ್ಬರಿನ ಬಾಚಣಿಗೆಯನ್ನು ಮೇಲಿನಿಂದ ಕೆಳಕ್ಕೆ ಎಳೆಯಬೇಕು. ಆಗ ಮರದ ಗೆರೆ ಮೂಡುತ್ತದೆ. ಮಣಿಕಟ್ಟು ತಿರುಚಿದ ಕಡೆ ಗಂಟು. ಸೀನು ಬಂದ ಕಡೆ ಇನ್ನೂ ದೊಡ್ಡ ಗಂಟು. ಎರಡು ಸೀನು ಒಂದೇ ಥರ ಬರುವುದಿಲ್ಲವಾದ್ದರಿಂದ ಎರಡು ಬೀರುಗಳೂ ಒಂದೇ ಥರ ಇರುತ್ತಿರಲಿಲ್ಲ. ಆ ಕಾಲದಲ್ಲಿ ತಾವು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದುದಾಗಿ ಅವರು ಹೇಳುತ್ತಾರೆ. ಅತ್ತಿಗೆ, ಎಂದರೆ ನನ್ನ ಹೆಂಡತಿಯ ಅಕ್ಕ, ಇದನ್ನು ಒಪ್ಪುವುದಿಲ್ಲ. ಮದುವೆಯಾದ ಹೊಸತರಲ್ಲೂ ಈ ಮನುಷ್ಯ ನಿದ್ದೆಯಲ್ಲಿ ಹೊದಿಕೆಯ ಮೇಲೆ ಬಾಚಣಿಗೆ ಎಳೆಯುತ್ತಿದ್ದರಂತೆ.

ಕಬ್ಬಿಣದ ಬೀರುಗಳ ಕಾಲ ಮುಗಿದ ಮೇಲೆ ಅವರು ಲ್ಯಾಮಿನೇಟ್ ಕಾರ್ಖಾನೆ ಸೇರಿದರು. ಈಗಿನ ಮೇಜು, ಬಾಗಿಲು, ಕಪಾಟುಗಳ ಮೇಲೆ ಕಾಣುವ ಮರ ಮರವಲ್ಲ, ಮರದ ಚಿತ್ರ. ಕಾಗದದ ಮೇಲೆ ಅಚ್ಚು ಹಾಕಿ, ಅಂಟು ಕುಡಿಸಿ, ಕಾಸಿ, ಒತ್ತಿ, ಗಟ್ಟಿ ಹಾಳೆ ಮಾಡಿ ಪ್ಲೈವುಡ್ಡಿಗೆ ಅಂಟಿಸುತ್ತಾರೆ. ಆ ಚಿತ್ರ ತಯಾರಿಸುವುದು ಷಡ್ಡಕರ ಕೆಲಸ. ಒಳ್ಳೆಯ ಮರದ ಚೂರು ಸಿಕ್ಕರೆ ಅಂಗೈಯಷ್ಟು ಸಿಗುತ್ತದೆ. ಬಾಗಿಲು ಮಾತ್ರ ಆಳೆತ್ತರ ಬೇಕು. ಅಂಗೈಯನ್ನು ಆಳೆತ್ತರಕ್ಕೆ ಬೆಳೆಸುವುದು ಹೇಗೆ?

ಶುರುವಿನಲ್ಲಿ ಒಂದೇ ಚಿತ್ರವನ್ನು ಪಕ್ಕಪಕ್ಕಕ್ಕೆ ಜೋಡಿಸುತ್ತಿದ್ದರಂತೆ, ನೆಲಕ್ಕೆ ಟೈಲ್ಸ್ ಹಾಸಿದ ಹಾಗೆ. ಕೂಡಿಸಿದ ಜಾಗ ಎದ್ದು ಕಾಣುತ್ತಿತ್ತು. ಆಮೇಲೆ ಕನ್ನಡಿಯಲ್ಲಿ ಕಂಡಂತೆ ಒಂದನ್ನು ತಿರುಗಿಸಿ ಇನ್ನೊಂದರ ಪಕ್ಕ ಇಟ್ಟರು. ಕೂಡಿಸಿದ್ದು ಮರೆಯಾಯಿತು, ಆದರೆ ಗಂಟುಗಳು ಜೋಡಿಜೋಡಿಯಾಗಿ ಕಣ್ಣುಗಳಾದವು, ನಡುವಿನ ಗೆರೆ ಮೂಗಾಯಿತು. ಮಲಗುವ ಕೋಣೆಯ ಬಾಗಿಲಿನಿಂದ ಗೂಬೆ ದಿಟ್ಟಿಸುತ್ತದೆ ಎಂದು ಗಿರಾಕಿಯೊಬ್ಬರು ಹಾಳೆಗಳನ್ನು ಲಾರಿಯಲ್ಲಿ ವಾಪಸ್ಸು ಕಳಿಸಿದ್ದರು.

ಅಷ್ಟರಲ್ಲಿ ಕಂಪ್ಯೂಟರಿಗೆ ಹೊಸ ಪ್ರೋಗ್ರಾಂ ಬಂತು. ಅದು ಮಾಡುವುದೇನೆಂದು ಷಡ್ಡಕರು ನನಗೆ ಅನೇಕ ಸಲ ವಿವರಿಸಿದ್ದಾರೆ, ಒಮ್ಮೆ ಬಸ್ಸಿನಲ್ಲಿ ನಿಂತುಕೊಂಡು, ಇಳಿಯಬೇಕಾದ ನಿಲ್ದಾಣ ದಾಟಿಸಿ. ಅವರ ಮಾತಿನ ಸಾರ ಇಷ್ಟು. ಆ ಪ್ರೋಗ್ರಾಮಿಗೆ ಮರ ಅಂದರೆ ಏನೆಂದು ಗೊತ್ತಿಲ್ಲ. ಬೇರು ಗೊತ್ತಿಲ್ಲ, ತುದಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಪಕ್ಕದ ಮನೆ ಮಾತ್ರ. ಮಾದರಿಯಿಂದ, ಎಂದರೆ ಆ ಅಂಗೈಯಷ್ಟು ಮರದ ಚಿತ್ರದಿಂದ, ಒಂದು ಪುಟ್ಟ ತುಂಡು ತೆಗೆದು ಮೂಲೆಯಲ್ಲಿ ಇಡುತ್ತದೆ. ಅದರ ಅಂಚಿಗೆ ಹೊಂದುವ ಇನ್ನೊಂದು ತುಂಡು ಮಾದರಿಯಲ್ಲಿ ಎಲ್ಲಿದೆ ಎಂದು ಹುಡುಕುತ್ತದೆ. ಹೊಂದುವಂಥವು ನಾಲ್ಕಾರು ಸಿಕ್ಕರೆ ಕಣ್ಣುಮುಚ್ಚಿ ಒಂದನ್ನು ಎತ್ತಿಕೊಳ್ಳುತ್ತದೆ. ಯಾವಾಗಲೂ ಅತ್ಯುತ್ತಮವಾದದ್ದನ್ನೇ ಆರಿಸಿದರೆ ಹಳೆಯ ಚಿತ್ರವನ್ನೇ ನಕಲು ಹೊಡೆದಂತಾಗುತ್ತದಲ್ಲ, ಅದಕ್ಕೆ. ಎರಡೂ ತುಂಡುಗಳನ್ನು ಒಂದರ ಮೇಲೊಂದು ಸ್ವಲ್ಪ ಹತ್ತಿಸಿ, ಎಲ್ಲಿ ಎರಡಕ್ಕೂ ವ್ಯತ್ಯಾಸ ಕಡಿಮೆಯೋ ಆ ದಾರಿ ಹಿಡಿದು ಅಂಕುಡೊಂಕಾಗಿ ಕತ್ತರಿಸಿ ಸೇರಿಸುತ್ತದೆ. ಹೊಲಿಗೆ ಕಾಣುವುದಿಲ್ಲ. ಹೀಗೆ ನೆರೆಹೊರೆಯವರನ್ನು ಸಂಭಾಳಿಸಿಕೊಂಡೇ ಅದು ಇಡೀ ಊರು ಕಟ್ಟುತ್ತದೆ. ನಮ್ಮ ಬೀದಿಯವರಿಗೆ ಇಷ್ಟು ಬುದ್ಧಿ ಇದ್ದಿದ್ದರೆ ಕಾಂಪೌಂಡು ಗೋಡೆಗಳೇ ಬೇಕಾಗುತ್ತಿರಲಿಲ್ಲ.

ಕಷ್ಟ ಇರುವುದು ತುಂಡಿನ ಅಳತೆಯಲ್ಲಿ. ತೀರಾ ಚಿಕ್ಕದು ಮಾಡಿದರೆ ಗೆರೆಗಳೆಲ್ಲ ಚೂರಾಗಿ, ಗೂಡು ಕೆದಕಿದಾಗ ಚೆದುರಿದ ಇರುವೆಗಳ ಹಾಗೆ ಕಾಣುತ್ತದೆ. ತೀರಾ ದೊಡ್ಡದು ಮಾಡಿದರೆ ಬಾತುಕೋಳಿ ಬಾತುಕೋಳಿಯಾಗಿಯೇ ಮತ್ತೆ ಬರುತ್ತದೆ. ಸರಿಯಾದ ಅಳತೆ ಹಿಡಿಯುವುದರಲ್ಲಿ ಷಡ್ಡಕರನ್ನು ಮೀರಿಸುವವರಿಲ್ಲ. ಇದನ್ನು ಬೇರೆಯವರು ಹೇಳುವ ತನಕ ಕಾಯುವ ಅಭ್ಯಾಸ ಅವರಿಗಿಲ್ಲ. ಯಾರಾದರೂ ಏನು ಕೆಲಸ ಎಂದು ಕೇಳಿದರೆ “ನಾನು ಮರ ಬೆಳೆಸ್ತೀನಿ” ಅನ್ನುತ್ತಾರೆ. ಕೇಳಿದವರು ತಮ್ಮ ಗುಲಾಬಿಗೆ ಯಾವ ಗೊಬ್ಬರ ಹಾಕಬೇಕೆಂದು ವಿಚಾರಿಸುತ್ತಾರೆ.

ಅತ್ತಿಗೆಯ ಕೆಲಸ ಇದಕ್ಕೆ ಪೂರಾ ವಿರುದ್ಧ. ಅವರು ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕುತ್ತಾರೆ. ನಿನ್ನೆ ಬಂದ ಬಸ್ಸು ಇವತ್ತೂ, ಇವತ್ತು ಬಂದದ್ದು ನಾಳೆಯೂ ಅದೇ ಹೊತ್ತಿಗೆ ಬರಬೇಕು. ಬಂದರೆ ಅವರು ಗೆದ್ದಂತೆ. “ನನ್ನ ಬಸ್ಸು ದಿನಾ ಒಂದೇ ಥರ ಬಂದ್ರೆ ಜನ ಕೈಮುಗೀತಾರೆ. ನಿಮ್ಮ ಹಾಳೇಲಿ ಒಂದು ಗಂಟು ಎರಡು ಸಲ ಬಂದ್ರೆ ನೀವು ಊಟ ಬಿಡ್ತೀರಿ” ಎಂದು ಗಂಡನಿಗೆ ಹೇಳಿದ್ದರು. ಒಂದೇ ಸಲ ಹೇಳಿದ್ದರು. ಅತ್ತಿಗೆ ಯಾವ ಮಾತನ್ನೂ ಎರಡನೇ ಸಲ ಹೇಳುವವರಲ್ಲ. ಇಷ್ಟು ವರ್ಷ ಜೊತೆಗಿದ್ದೂ ಷಡ್ಡಕರು ಮನೆಯಲ್ಲಿ ಎದುರುತ್ತರ ಕೊಡದಿರುವುದಕ್ಕೆ ಅದೇ ಕಾರಣ ಇರಬೇಕು. ಪುನರಾವರ್ತನೆ ಇಲ್ಲದ ವಸ್ತುವಿನ ಎದುರು ಅವರು ತಲೆಬಾಗುತ್ತಾರೆ.

ಬಾಡಿಗೆ ಮನೆಗಳಲ್ಲಿ ತಿರುಗಿ ತಿರುಗಿ ಕಡೆಗೆ ಇಬ್ಬರೂ ಸ್ವಂತ ಮನೆ ಮಾಡಿಕೊಂಡರು. ಮೂರನೇ ಮಹಡಿ, ಎರಡು ಕೋಣೆ, ಬಟ್ಟೆ ಒಣಗಿಸಲು ಬಾಲ್ಕನಿ. ಎಲ್ಲ ಆಯಿತು, ಮಲಗುವ ಕೋಣೆಯ ಬಟ್ಟೆ ಕಪಾಟು ಒಂದು ಬಿಟ್ಟು. ಬಡಗಿ ಚೌಕಟ್ಟು ಕಟ್ಟಿದ, ಅಡ್ಡಹಲಗೆ ಹೊಡೆದ, ಬಾಗಿಲುಗಳನ್ನು ಕುಯ್ದು ಗೋಡೆಗೆ ಒರಗಿಸಿದ. ಒಳಮೈಗೆ ಬಿಳಿ ಹಾಳೆಯನ್ನೂ ಅಂಟಿಸಿದ. ಹೊರಮೈಗೆ ಯಾವ ಹಾಳೆ ಎಂದು ಕೇಳಿದ. ಅಲ್ಲಿಗೆ ಕೆಲಸ ನಿಂತಿತು.

ನಿಜವಾದ ಮರ ಹಾಕಿಸಿ ಎಂದೆ. ಜೀವಮಾನವೆಲ್ಲ ಮರದ ಚಿತ್ರ ಮಾಡಿದವನ ಮನೆಯಲ್ಲಿ ಮರವೇ ಎಂದು ಅವರು ಮುಖ ಕೆಂಪಗೆ ಮಾಡಿಕೊಂಡರು. ಅಂಗಡಿಯ ಹಾಳೆಗಳನ್ನು ನೋಡೋಣವೆಂದರೆ ಒಂದೊಂದರ ಬಾತುಕೋಳಿಯೂ ಅವರಿಗೆ ಮುಖಪರಿಚಯ. ಕೆಲವಂತೂ ಅವರೇ ಸಾಕಿದವು. ಹೀಗೆ ತಿಂಗಳುಗಳು ಕಳೆದವು. ಬಟ್ಟೆಗಳೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲೇ ಇದ್ದವು. ಬೇಕಾದದ್ದು ಯಾವಾಗಲೂ ಅಡಿಯ ಪೆಟ್ಟಿಗೆಯಲ್ಲಿರುತ್ತಿತ್ತು. ಒಂದು ಬೆಳಿಗ್ಗೆ ಅತ್ತಿಗೆ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ನೀಲಿ ಕಾಲುಚೀಲ ಹಾಕಿಕೊಂಡು ಡಿಪೋಗೆ ಹೋದರು. ಡ್ರೈವರುಗಳು ನೋಡಿದರು. ಸಂಜೆ ಮನೆಗೆ ಬಂದು ಚೀಲ ಕೆಳಗಿಟ್ಟು, ಮಳೆಗಾಲದ ವೇಳಾಪಟ್ಟಿ ಜಾರಿಗೆ ಬರುವ ದಿನದೊಳಗೆ ಕಪಾಟು ಆಗದಿದ್ದರೆ ತಾವು ತಂಗಿಯ ಮನೆಗೆ ಹೋಗಿ ಇರುವುದಾಗಿ ಗಂಡನಿಗೆ ಹೇಳಿದರು. ದನಿ ಏರಿಸಲಿಲ್ಲ.

ತಂಗಿಯ ಮನೆ ಅಂದರೆ ನಮ್ಮ ಮನೆ. ಅತ್ತಿಗೆ ಮೇಲೆ ನಮಗೆ ಪ್ರೀತಿಯಿದೆ. ಆದರೆ ಹಿಂದೆ ಒಮ್ಮೆ ಒಂದು ವಾರ ಬಂದಿದ್ದಾಗ ನನ್ನ ಸ್ನಾನ, ತಿಂಡಿ, ಪೇಪರ್ ಓದುವುದು ಎಲ್ಲವನ್ನೂ ವೇಳಾಪಟ್ಟಿಗೆ ಸೇರಿಸಿದ್ದರು, ತಡವಾದರೆ ಬಚ್ಚಲ ಬಾಗಿಲು ಬಡಿಯುತ್ತಿದ್ದರು. ನನ್ನ ಗಾಬರಿ ಹಾಗಿರಲಿ. ಷಡ್ಡಕರ ಗಾಬರಿ ಬೇರೆ ಥರದ್ದು. ಅವರು ಮರುದಿನ ನಮ್ಮ ಮನೆಗೆ ಬಂದು, ಬಾತುಕೋಳಿಗಳ ಕಡೆ ಕಣ್ಣೆತ್ತಿಯೂ ನೋಡದೆ, “ಅವಳು ಹೋಗಿಬಿಡ್ತಾಳೆ ಕಣಪ್ಪ. ಹೋದ್ಮೇಲೆ ಬಾ ಅಂತ ಕರೆಯೋ ವಿದ್ಯೆ ನಂಗೆ ಬರಲ್ಲ” ಎಂದರು. ಕುರ್ಚಿಯ ತುದಿ ಬಿಟ್ಟು ಹಿಂದಕ್ಕೆ ಒರಗಿ ಕೂತಿದ್ದನ್ನು ನಾನು ನೋಡಿದ್ದು ಆವತ್ತೇ.

ಮಾರುಕಟ್ಟೆಯಲ್ಲಿ ಇಲ್ಲದ, ಎರಡನೇ ಸಲ ಯಾವ ಗಂಟೂ ಬಾರದ ಹಾಳೆಯನ್ನು ತಾವೇ ಬೆಳೆಸುವುದೆಂದು ಅವರು ತೀರ್ಮಾನಿಸಿದರು. ಅದಕ್ಕೆ ಮಾದರಿ ಬೇಕು. ಮಾದರಿ ಎಲ್ಲ ಕಡೆಯೂ ಒಂದೇ ಗುಣದ್ದಾಗಿರಬೇಕು, ಆದರೆ ಎಲ್ಲೂ ಒಂದೇ ಥರ ಇರಬಾರದು. ವಧುಪರೀಕ್ಷೆಗೂ ಇಷ್ಟು ಷರತ್ತು ಹಾಕುವುದಿಲ್ಲ. ಅವರು ಮರದ ಡಿಪೋಗಳಿಗೆ ಹೋದರು, ಗುಜರಿ ಅಂಗಡಿಗಳಿಗೆ ಹೋದರು, ಕಂಡವರ ಮನೆಯ ಮೆಟ್ಟಿಲಿಗೆ ಬಗ್ಗಿದರು. ಜೇಬಿನಲ್ಲಿ ಚೂರುಗಳು ಟಕಟಕ ಅನ್ನುತ್ತಿದ್ದವು. ಕೊನೆಗೆ ತಮ್ಮ ಬಡಗಿಯ ಅಂಗಡಿಗೇ ಬಂದು ದಣಿದು ಕೂತಾಗ, ಬಾಗಿಲು ಬಡಿಯದಂತೆ ಕೆಳಗೆ ತೂರಿಸಿದ್ದ ಒಂದು ಮರದ ತುಂಡು ಕಣ್ಣಿಗೆ ಬಿತ್ತು. ಯಾವ ಮರವೆಂದು ಬಡಗಿಗೂ ಗೊತ್ತಿರಲಿಲ್ಲ. ಷಡ್ಡಕರು ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಹೊರಟರು. ಆವತ್ತಿಡೀ ಅಂಗಡಿಯ ಬಾಗಿಲು ಬಡಿಯುತ್ತಿತ್ತು ಎಂದು ಬಡಗಿ ಆಮೇಲೆ ನನ್ನ ಬಳಿ ದೂರಿದ.

ಮರದ ಚೂರನ್ನು ಸ್ಕ್ಯಾನರಿಗೆ ಕೊಡುವ ಮೊದಲು ಅದರ ಮೇಲೆ ಒಂದು ತೊಟ್ಟು ಎಣ್ಣೆ ಸವರುವುದು ಅವರ ಪದ್ಧತಿ. ಎಣ್ಣೆ ಬಿದ್ದರೆ ಗೆರೆ ಎದ್ದು ಬರುತ್ತದೆ. ಅರಿವೆಯಲ್ಲಿ ಸವರಬಹುದು, ಅವರು ಹೆಬ್ಬೆಟ್ಟಿನಲ್ಲೇ ಸವರುತ್ತಾರೆ. ಮರದ ಮೈ ಕೈಗೆ ಗೊತ್ತಾಗಬೇಕಂತೆ. ಸವರಿದರು, ಗಾಜಿನ ಮೇಲೆ ಚೂರನ್ನು ಇಟ್ಟರು, ಅತ್ತಿತ್ತ ಸರಿಸಿ ನೆಟ್ಟಗೆ ಮಾಡಿದರು, ಮುಚ್ಚಳ ಹಾಕಿದರು. ಚಿತ್ರ ತೆರೆಯ ಮೇಲೆ ಬಂತು. ಮೊದಲ ಸಲ ಇರುವೆ ಚೆದುರಿದವು. ಎರಡನೇ ಸಲ ಒಂದು ಗಂಟು ಮೂರು ಕಡೆ ಬಂತು. ಅಳತೆಯನ್ನು ಕೂದಲೆಳೆಯಷ್ಟು ಏರಿಸುತ್ತ ಇಳಿಸುತ್ತ ಕೂತರು. ಕಾರ್ಖಾನೆಯ ಧಣಿಗಳು, ನಮೂನೆ ಚೆನ್ನಾಗಿ ಬಂದರೆ ತಮ್ಮ ಕಾರ್ಖಾನೆಗೂ ಆಯಿತು ಎಂದು, ಅಚ್ಚು ಹಾಕಲು ಒಪ್ಪಿದರು.

ರಜೆಯ ದಿನ ನನಗೆ ಬುಲಾವ್ ಬಂತು. ಯಂತ್ರಗಳೆಲ್ಲ ನಿಂತಿದ್ದ ಕಾರ್ಖಾನೆಯ ನೆಲದ ಮೇಲೆ ಉದ್ದಕ್ಕೆ ಕಾಗದ ಹಾಸಿದ್ದರು. ನಾನು ಶೂ ಬಿಚ್ಚಿ ಕಾಲುಚೀಲದಲ್ಲಿ ಅದರ ಪಕ್ಕ ನಡೆಯಬೇಕು, ಎರಡನೇ ಸಲ ಬಂದದ್ದು ಕಂಡರೆ ಕೂಗಬೇಕು. ನಡೆದೆ. ಬಗ್ಗಿದೆ. ಸೊಂಟ ಹಿಡಿಯಿತು. ಗೆರೆಗಳು ಹರಿಯುತ್ತಿದ್ದವು, ಸುಳಿಯುತ್ತಿದ್ದವು, ಗಂಟಿನ ಹತ್ತಿರ ಬಳಸಿ ಮುಂದೆ ಹೋಗುತ್ತಿದ್ದವು, ಒಂದರಂತೆ ಇನ್ನೊಂದಿಲ್ಲ. ಏನೂ ಸಿಗಲಿಲ್ಲ ಎಂದೆ. ಇನ್ನೊಂದು ಸಲ ನೋಡು ಎಂದರು. ಆಗಲೂ ಸಿಗಲಿಲ್ಲ. ನಾನು ಸೋತದ್ದಕ್ಕೆ ಅವರು ನನ್ನ ಬೆನ್ನು ತಟ್ಟಿದರು, ಗೆದ್ದವನಿಗೆ ತಟ್ಟುವ ಹಾಗೆ.

ಮಳೆಗಾಲದ ವೇಳಾಪಟ್ಟಿಗೆ ಮೊದಲೇ ಬಾಗಿಲುಗಳು ಏರಿದವು. ಗೋಡೆಯಿಂದ ಗೋಡೆಗೆ, ನೆಲದಿಂದ ಮೇಲಿನ ತನಕ ಮರವೇ ಮರ. ಅತ್ತಿಗೆ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ, ಗಂಡನ ಅಂಗಿಗಳನ್ನು ಬಣ್ಣದ ಪ್ರಕಾರ, ತಮ್ಮ ಬಟ್ಟೆಗಳನ್ನು ವಾರದ ಪ್ರಕಾರ ಜೋಡಿಸಿದರು. ಖಾಲಿ ಪೆಟ್ಟಿಗೆಗಳನ್ನು ತುಳಿದು ಚಪ್ಪಟೆ ಮಾಡಿ ಗುಜರಿಯವನಿಗೆ ಹಾಕಿದರು. ಅವುಗಳನ್ನು ತುಳಿಯುವಾಗ ಅವರ ಮುಖದಲ್ಲಿದ್ದ ತೃಪ್ತಿಯನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ.

ಈಗಲಾದರೂ ಮನುಷ್ಯ ನೆಮ್ಮದಿಯಾಗಿ ಇರುತ್ತಾರೆ ಎಂದುಕೊಂಡೆವು. ಆದರೆ ಹುಡುಕಲು ಏನೂ ಇಲ್ಲದ ಮನೆಯಲ್ಲಿ ಹುಡುಕುವ ಕಣ್ಣು ಏನು ಮಾಡಬೇಕು? ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯ ಮೇಲೆ ಕೂತು ಕಪಾಟು ನೋಡುತ್ತಿದ್ದರಂತೆ. ಹಲ್ಲುಜ್ಜುತ್ತ ಬಂದು ನೋಡುತ್ತಿದ್ದರಂತೆ. ಅಂಗಿಗೆ ಗುಂಡಿ ಹಾಕುತ್ತ ಒಂದು ಗುಂಡಿ ತಪ್ಪಿಸುತ್ತಿದ್ದರಂತೆ. ಏನೋ ಇದೆ, ಸಿಗುತ್ತಿಲ್ಲ ಎಂದು ನನಗೆ ಫೋನಿನಲ್ಲಿ ಹೇಳಿದರು. ಇಲ್ಲದ್ದಕ್ಕೆ ಸಿಗುತ್ತಿಲ್ಲ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ಸಿಕ್ಕಿದ್ದು ಒಂದು ಬೆಳಗಿನ ಬಿಸಿಲಿನಲ್ಲಿ. ಬಾಲ್ಕನಿಯಿಂದ ಬೆಳಕು ಓರೆಯಾಗಿ ಬಾಗಿಲ ಮೇಲೆ ಬಿದ್ದಿತ್ತು. ಮರದ ಗೆರೆ ಬಳಸಿ ಹೋಗಬೇಕಾದ ಜಾಗದಲ್ಲಿ ಒಂದು ಪುಟ್ಟ ಸುಳಿ, ತೀರಾ ನವುರಾಗಿ, ಬಾಚಿದ ಹಾಗೆ. ಮರದ ಗಂಟು ಅಷ್ಟು ಒಪ್ಪವಾಗಿರುವುದಿಲ್ಲ. ಹತ್ತಿರ ಹೋದರು. ಯೋಚಿಸಿ ಹೆಬ್ಬೆಟ್ಟನ್ನು ಅದರ ಮೇಲೆ ಇಟ್ಟರು. ಕೂತುಕೊಂಡಿತು.

ಎಣ್ಣೆ ಸವರಿದ ಹೆಬ್ಬೆಟ್ಟು ಸ್ಕ್ಯಾನರಿನ ಗಾಜಿಗೂ ತಗುಲಿತ್ತು. ಚಿತ್ರದ ಮೂಲೆಯಲ್ಲಿ ಅವರ ಹೆಬ್ಬೆಟ್ಟಿನ ಗುರುತು ಕೂತಿತ್ತು. ಪ್ರೋಗ್ರಾಮಿಗೆ ಹೆಬ್ಬೆಟ್ಟು ಯಾವುದು, ಮರ ಯಾವುದು? ಗೆರೆ ಅಂದರೆ ಗೆರೆ. ಅಂಚು ಹೊಂದಿದರೆ ನೆಂಟಸ್ತಿಕೆ. ಎಲ್ಲಿ ಹೊಂದಿತೋ ಅಲ್ಲೆಲ್ಲ ಅದನ್ನು ಕತ್ತರಿಸಿ, ಹಿಗ್ಗಿಸದೆ ಕುಗ್ಗಿಸದೆ, ಮರದ ಗೆರೆಗೆ ಹೊಲಿದುಬಿಟ್ಟಿತ್ತು. ಒಂದು ಕಡೆ ಮುಕ್ಕಾಲು ಹೆಬ್ಬೆಟ್ಟು, ಒಂದು ಕಡೆ ಬರೀ ತುದಿ, ಒಂದು ಕಡೆ ಎರಡು ಅರ್ಧಗಳು ಸೇರಿ ಯಾರದೂ ಅಲ್ಲದ ಹೆಬ್ಬೆಟ್ಟು. ಎರಡನೇ ಸಲ ಬಂದದ್ದನ್ನೇ ಜೀವಮಾನವಿಡೀ ಹುಡುಕಿದವರಿಗೆ ಮೊದಲನೇ ಸಲ ಬಂದದ್ದನ್ನು ನೋಡುವ ಅಭ್ಯಾಸ ತಪ್ಪಿಹೋಗಿತ್ತು.

ಸ್ನಾನ ಮುಗಿಸಿ ಬಂದ ಅತ್ತಿಗೆಗೆ ಕಂಡದ್ದು, ಒಂದೊಂದೇ ಬಾಗಿಲಿಗೆ ಹೆಬ್ಬೆಟ್ಟು ಒತ್ತುತ್ತ ಕೋಣೆಯ ಉದ್ದಕ್ಕೂ ಸಾಗುತ್ತಿದ್ದ ಗಂಡ.

“ಏನ್ರೀ ಇದು? ಹಾಜರಿ ಹಾಕ್ತಿದೀರಾ?”

ಷಡ್ಡಕರು ಸ್ಕ್ರೂಡ್ರೈವರ್ ಹುಡುಕಲು ಹೋದರು.

ನನ್ನ ಹೆಂಡತಿಗೆ ಫೋನು ಬಂದದ್ದು ಆಮೇಲೆ. ಅಕ್ಕ ಹೇಳಿದ್ದು ಚಿಕ್ಕ ಮಾತು: ಒಂದು ಶೆಲ್ಫು ಖಾಲಿ ಮಾಡು. ಇವಳು ನನ್ನ ಪುಸ್ತಕಗಳ ಕಡೆ ನೋಡಿದಳು. ನಾನು ಅಂಗಿ ತೊಟ್ಟು ಬೀದಿಗೆ ಓಡಿದೆ.

ಹೋಗಿ ನೋಡಿದರೆ ಕೋಣೆ ರಣರಂಗವಾಗಿತ್ತು. ಬಾಗಿಲುಗಳಲ್ಲಿ ಅರ್ಧ ಕಳಚಿ ನೆಲಕ್ಕೆ ಬಂದಿದ್ದವು. ಬಟ್ಟೆಯೆಲ್ಲ ಹಾಸಿಗೆಯ ಮೇಲೆ. ಹಾಸಿಗೆಯ ಇನ್ನೊಂದು ತುದಿಯಲ್ಲಿ ಸೂಟ್‌ಕೇಸು ಬಾಯಿ ತೆರೆದಿತ್ತು. ಷಡ್ಡಕರು ಬೆವರುತ್ತ ಕೀಲು ಬಿಚ್ಚುತ್ತಿದ್ದರು. ಅತ್ತಿಗೆ ಅವಸರವಿಲ್ಲದೆ ಬಟ್ಟೆ ಮಡಿಸುತ್ತಿದ್ದರು. ಇಬ್ಬರ ನಡುವೆ ಬಡಗಿ ಕೈಕಟ್ಟಿಕೊಂಡು ನಿಂತಿದ್ದ. ಕಳಚಲು ಬರಹೇಳಿದ್ದವರು ತಾವೇ ಕಳಚಲು ಶುರುಮಾಡಿದ್ದರಿಂದ ಅವನಿಗೆ ಏನು ಮಾಡಬೇಕೆಂದು ತೋಚಿರಲಿಲ್ಲ.

ಎಲ್ಲವನ್ನೂ ಹೊಸದಾಗಿ ಬೆಳೆಸುತ್ತೇನೆ, ಗಾಜು ಒರೆಸಿ ಮತ್ತೆ ಸ್ಕ್ಯಾನ್ ಮಾಡುತ್ತೇನೆ, ಹೆಚ್ಚೆಂದರೆ ಒಂದೆರಡು ತಿಂಗಳು ಎಂದು ಷಡ್ಡಕರು ನನಗೆ ಹೇಳಿದರು. ಹೇಳಿದ್ದು ನನಗೆ, ಕೇಳಬೇಕಾದವರು ಅತ್ತಿಗೆ. ಅತ್ತಿಗೆ ಇನ್ನೊಂದು ಅಂಗಿ ಮಡಿಸಿದರು. ಅದು ಅವರದೇ ಎಂಬುದನ್ನು ನಾನು ಗಮನಿಸಿದೆ. ಸೂಟ್‌ಕೇಸಿನಲ್ಲಿ ಇದ್ದುದೆಲ್ಲ ಅವರದೇ ಬಟ್ಟೆ. ಧೂಳು ಬೀಳದಿರಲೆಂದಲ್ಲ, ಹೊರಡಲೆಂದೇ ತುಂಬುತ್ತಿದ್ದಾರೆ ಎಂದು ಆಗ ಷಡ್ಡಕರಿಗೂ ಹೊಳೆದಿರಬೇಕು. ಸ್ಕ್ರೂಡ್ರೈವರ್ ಹಿಡಿದ ಕೈ ನಿಂತಿತು.

“ನೀನೇ ಹೇಳಪ್ಪ” ಎಂದರು ನನ್ನ ಕಡೆ ತಿರುಗಿ. “ಮಲಗೋ ಕೋಣೇಲಿ ಗೋಡೆ ತುಂಬ ತನ್ನದೇ ಹೆಬ್ಬೆಟ್ಟು. ಯಾವನಿಗೆ ನಿದ್ದೆ ಬರತ್ತೆ?”

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಮಡಿಸಿದ ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ಬಂದರು.

“ಎಲ್ಲಿ, ತೋರಿಸಿ.”

ಅವರು ತೋರಿಸಿದರು. ಅತ್ತಿಗೆ ಕನ್ನಡಕ ಮೇಲೆ ಮಾಡಿ ಬಗ್ಗಿ ನೋಡಿದರು.

“ಇದು ನಿಮ್ದಾ?”

“ಹೂಂ.”

“ಇದು?”

“ಅರ್ಧ ನಂದು.”

“ಮಿಕ್ಕರ್ಧ?”

“ಯಾರದೂ ಅಲ್ಲ. ಕಂಪ್ಯೂಟರ್ ಸೇರಿಸಿದ್ದು.”

ಅತ್ತಿಗೆ ನೆಟ್ಟಗೆ ನಿಂತರು. “ನಂಗೆ ಇಡೀ ನೀವೇ ಅಭ್ಯಾಸ ಆಗಿದೀರಿ. ಇನ್ನು ಅರ್ಧರ್ಧ ಬಂದ್ರೆ ಏನು ಕಷ್ಟ?” ಎಂದರು. ಆಮೇಲೆ ಹಾಸಿಗೆಯ ಕಡೆ ಕೈ ತೋರಿಸಿ, “ಸಂಜೆ ಒಳಗೆ ಬಾಗಿಲು ಹಾಕಿದ್ರೆ ಇದೆಲ್ಲ ಕಪಾಟಿನೊಳಗೆ. ಇಲ್ಲಾಂದ್ರೆ ಸೂಟ್‌ಕೇಸಿನೊಳಗೆ” ಎಂದು ಹೇಳಿ ಅಡುಗೆಮನೆಗೆ ಹೋದರು.

ಷಡ್ಡಕರು ನೆಲದ ಮೇಲೆ ಬಾಗಿಲುಗಳ ನಡುವೆ ಕೂತರು. ಎದ್ದರು. ಬಾಲ್ಕನಿಗೆ ಹೋದರು, ಬಂದರು. ಒಂದು ಬಾಗಿಲನ್ನು ಎತ್ತಿ ಚೌಕಟ್ಟಿಗೆ ಹಿಡಿದು ನೋಡಿದರು, ಕಣ್ಣು ಸೀದಾ ಹೆಬ್ಬೆಟ್ಟಿನ ಮೇಲೆ ಹೋಯಿತು, ಇಳಿಸಿದರು. ಹಾಗೆಯೇ ಹಾಕಿದರೆ ತಾವು ಆ ಕೋಣೆಯಲ್ಲಿ ಇರಲಾರರು. ಹಾಕದಿದ್ದರೆ ಅತ್ತಿಗೆ ಇರುವುದಿಲ್ಲ. ಬಾಗಿಲಿನ ಮೇಲೆ ಬಣ್ಣ ಬಳಿಯೋಣವೇ ಎಂದು ನಾನು ಕೇಳಿದೆ. ಅವರು ನೋಡಿದ ನೋಟಕ್ಕೆ ಮುಂದಿನ ಮಾತನ್ನು ನುಂಗಿಕೊಂಡೆ. ಎಷ್ಟಾದರೂ ಎರಡನೇ ಸಲ ಗಂಟು ಬಾರದ ಹಾಳೆ ಅದು, ಹೆಬ್ಬೆಟ್ಟೊಂದು ಬಿಟ್ಟು.

ಮಾತು ಹೊರಡಿಸಿದವನು ಬಡಗಿ. ಅವನಿಗೆ ಇನ್ನೊಂದು ಮನೆಯಲ್ಲಿ ಕೆಲಸವಿತ್ತು, ಹೊತ್ತು ಏರುತ್ತಿತ್ತು, ಈ ದಂಪತಿಯ ಸಹವಾಸ ಸಾಕಾಗಿತ್ತು.

“ತಿರುಗಿಸಿ ಹಾಕ್ಬಿಡ್ಲಾ ಸಾರ್? ಒಳಗಿನ ಬಿಳಿ ಹೊರಗೆ, ಹೊರಗಿನ ಮರ ಒಳಗೆ. ಕೀಲು, ಹಿಡಿ ಎಲ್ಲ ಆ ಕಡೆಗೆ ಹೊಡೀತೀನಿ. ಹಳೇ ತೂತಿಗೆ ಪುಟ್ಟಿ ತುಂಬಿದ್ರಾಯ್ತು.”

ಸಾಧ್ಯವಿತ್ತು. ಇಷ್ಟು ಸುಲಭವಾಗಿ ಸಾಧ್ಯವಿತ್ತು ಎಂಬುದೇ ಷಡ್ಡಕರ ಮುಖ ಬಾಡಿಸಿತು. ಅವರು ಒಂದು ಬಾಗಿಲಿನ ಮರದ ಮೈಯನ್ನು ಅಂಗೈಯಿಂದ ಮೇಲಿನಿಂದ ಕೆಳಗೆ ಸವರಿದರು. ಇರುವೆ ಚೆದುರಿದ ದಿನದಿಂದ ಹಿಡಿದು ನಾನು ಕಾಲುಚೀಲದಲ್ಲಿ ಸೋತ ದಿನದ ತನಕ ಎಲ್ಲವೂ ಅದರಲ್ಲಿತ್ತು. ಬಂದವರಿಗೆ ತೋರಿಸಬೇಕೆಂದಿದ್ದರು. ಒಬ್ಬೊಬ್ಬರನ್ನೂ ಎದುರು ನಿಲ್ಲಿಸಿ ಹುಡುಕಿಸಬೇಕೆಂದಿದ್ದರು. ಧಣಿಗಳನ್ನೂ ಕರೆಯುವವರಿದ್ದರು.

“ಹಂಗಾದ್ರೆ ಇದನ್ನ ಯಾರೂ ನೋಡಲ್ಲ” ಎಂದರು. ಬಡಗಿಗೆ ಹೇಳಿದರೋ, ಬಾಗಿಲಿಗೆ ಹೇಳಿದರೋ.

ಅತ್ತಿಗೆ ಅಡುಗೆಮನೆಯಿಂದ ಎಲ್ಲರಿಗೂ ಕಾಫಿ ತಂದಿದ್ದರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. “ನಾನು ನೋಡ್ತೀನಲ್ಲ” ಎಂದರು. “ದಿನಾ ಬೆಳಿಗ್ಗೆ ಬಟ್ಟೆ ತೆಗೆಯೋವಾಗ. ಮನೆ ತುಂಬ ನೀವೇ ಇದೀರಿ, ಕಪಾಟಿನೊಳಗೂ ಇರಿ.”

ಷಡ್ಡಕರು ಕಾಫಿ ತೆಗೆದುಕೊಂಡರು. ಬಿಸಿ ಇರುವಾಗಲೇ ಕುಡಿದರು. ಕುಡಿದು, ಲೋಟ ಕೆಳಗಿಟ್ಟು, ಬಡಗಿಗೆ ಸ್ಕ್ರೂಡ್ರೈವರ್ ಕೊಟ್ಟರು.

ಸಂಜೆಯ ಹೊತ್ತಿಗೆ ಕೋಣೆ ಆಸ್ಪತ್ರೆಯ ಹಾಗೆ ಬಿಳಿಯಾಯಿತು. ಅತ್ತಿಗೆಗೆ ಹಾಗೆಯೇ ಇಷ್ಟವಾಯಿತು. ಕೊಳೆಯಾದರೆ ಗೊತ್ತಾಗುತ್ತದೆ ಎಂದರು. ಬಟ್ಟೆ ಮತ್ತೆ ಒಳಗೆ ಹೋಯಿತು, ಅವರವೂ ಇವರವೂ. ಸೂಟ್‌ಕೇಸನ್ನು ನಾನೇ ಸ್ಟೂಲ್ ಹತ್ತಿ ಮೇಲಿಟ್ಟೆ. ಷಡ್ಡಕರು ಬಿಳಿ ಬಾಗಿಲುಗಳ ಎದುರು ಕೂತು ಬಹಳ ಹೊತ್ತು ನೋಡಿದರು. ಅದರಲ್ಲಿ ಹುಡುಕಲು ಏನೂ ಇರಲಿಲ್ಲ.

ಮನೆಗೆ ಹೋಗಿ ಇಳಿಸಿಟ್ಟಿದ್ದ ನನ್ನ ಪುಸ್ತಕಗಳನ್ನು ಶೆಲ್ಫಿಗೆ ವಾಪಸ್ಸು ಜೋಡಿಸಿದೆ. ಹೆಂಡತಿಗೆ ಬೇಸರವೂ ಆಗದೆ ಇರಲಿಲ್ಲ. ಅಕ್ಕ ಬರುತ್ತಾಳೆಂದು ಹೊಸ ಹೊದಿಕೆ ತೆಗೆದಿಟ್ಟಿದ್ದಳು.

ಈಚೆಗೆ ಅತ್ತಿಗೆ ಫೋನಿನಲ್ಲಿ ತಂಗಿಗೆ ಒಂದು ಹೊಸ ದೂರು ಹೇಳಿದ್ದಾರೆ. ಇವರು ದಿನಕ್ಕೆ ಹತ್ತಾರು ಸಲ ಕಪಾಟಿನ ಬಾಗಿಲು ತೆರೆದು, ಅದರ ಒಳಮೈಗೆ ಮುಖ ಒಡ್ಡಿ, ಹೊತ್ತುಗಟ್ಟಲೆ ನಿಂತಿರುತ್ತಾರಂತೆ. ಏನು ಹುಡುಕುತ್ತಿದ್ದೀರಿ ಎಂದರೆ ಕರವಸ್ತ್ರ ಅನ್ನುತ್ತಾರಂತೆ. ಕರವಸ್ತ್ರ ಜೇಬಿನಲ್ಲೇ ಇರುತ್ತದಂತೆ.